ಶಿವಪುತ್ರಪ್ಪನವರ ಡ್ರೈವರ್

“ಬಾಯಾರ, ನಮ್ಮ ಮನಿಯವರು ಮಾತಾಡವಲ್ರು.”

ವಿಜಯದಶಮಿಯ ಮರುದಿನ ಬೆಳಿಗ್ಗೆ ನೀಲವ್ವ ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ. ಬೇರೆ ಯಾವ ಮನೆಯ ಹೆಂಗಸು ಹೀಗೆ ಹೇಳಿದ್ದರೂ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಶಿವಪುತ್ರಪ್ಪ ಹೊಸಮನಿಯವರ ಮಾತು ಆಗ ಅವರ ಬಾಯಿಯಲ್ಲಿ ಇರಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಡಬ್ಬಿ ಇತ್ತು. ಮಾತು ಆ ಡಬ್ಬಿಯಿಂದ ಒಂದು ಯುಎಸ್‌ಬಿ ವೈರಿನಲ್ಲಿ ಕಂಪ್ಯೂಟರಿಗೆ ಹೋಗಿ ಅಲ್ಲಿಂದ ಸ್ಪೀಕರಿಗೆ ಬರಬೇಕಿತ್ತು. ನೀಲವ್ವನ ಫೋನು ಬಂತೆಂದರೆ ಈ ದಾರಿಯಲ್ಲಿ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ.

ಶಿವಪುತ್ರಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯ ಮುಂಚೆಯೇ ಅವರ ಕೈಬೆರಳುಗಳು ಸ್ಪ್ಯಾನರನ್ನು ಬಿಡತೊಡಗಿದವು. ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಗಳು ಒಂದೊಂದಾಗಿ ಒಣಗುವ ಕಾಯಿಲೆ. ಕೈ ಹೋಯಿತು, ಕಾಲು ಹೋಯಿತು, ನಾಲಗೆ ಹೋಯಿತು. ಕೊನೆಗೆ ಕಣ್ಣುಗುಡ್ಡೆ, ಕಣ್ಣುರೆಪ್ಪೆಗಳೂ ಅವರ ಮಾತು ಕೇಳುವುದನ್ನು ಬಿಟ್ಟವು. ಬುದ್ಧಿಗೆ ಮಾತ್ರ ಏನೂ ಆಗುವುದಿಲ್ಲ. ಈ ಕಾಯಿಲೆಯ ಕ್ರೌರ್ಯ ಇರುವುದೇ ಅಲ್ಲಿ. ನನಗೆ ದೇವರ ಮೇಲೆ ಸಿಟ್ಟು ಬರುವುದು ಅಪರೂಪ, ಈ ಕಾಯಿಲೆಯವರನ್ನು ಕಂಡಾಗಲೆಲ್ಲ ಬರುತ್ತದೆ.

ನಾನು ಕೆಲಸ ಮಾಡುವುದು ಧಾರವಾಡದ ಒಂದು ಸಣ್ಣ ಪ್ರಯೋಗಾಲಯದಲ್ಲಿ. ಇಂಥವರಿಗಾಗಿ ನಾವು ನುಡಿಪೆಟ್ಟಿಗೆ ಮಾಡಿದೆವು. ನಾಲಗೆ ಆಡದಿದ್ದರೂ ‘ನೀರು’ ಎನ್ನಬೇಕೆಂದು ಮನುಷ್ಯ ಅಂದುಕೊಂಡಾಗ ಮೆದುಳು ನಾಲಗೆಗೆ ಅಪ್ಪಣೆ ಕಳಿಸಿಯೇ ಕಳಿಸುತ್ತದೆ. ದವಡೆಯ ಕೆಳಗೆ ಕೂರಿಸಿದ ಜೋಳದ ಕಾಳಿನಷ್ಟು ದೊಡ್ಡ ಉಪಕರಣ ಆ ಅಪ್ಪಣೆಯನ್ನು ಹಿಡಿದು ಡಬ್ಬಿಗೆ ಕಳಿಸುತ್ತದೆ. ಡಬ್ಬಿಯ ಭಾಷೆ ಕಂಪ್ಯೂಟರಿಗೆ ತಿಳಿಯದು. ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿ ತಂತ್ರಾಂಶಕ್ಕೇ ಕಂಪ್ಯೂಟರಿನವರು ಡ್ರೈವರ್ ಎನ್ನುವುದು.

ಪ್ರಿಂಟರಿನ ಡ್ರೈವರ್ ಹುಟ್ಟಿದಾಗ ಎಷ್ಟು ಬುದ್ಧಿಯಿತ್ತೋ ಸಾಯುವಾಗಲೂ ಅಷ್ಟೇ ಬುದ್ಧಿಯಲ್ಲಿರುತ್ತದೆ. ನಮ್ಮದು ಕಲಿಯುವ ಡ್ರೈವರ್. ಶಿವಪುತ್ರಪ್ಪನವರಿಗೆ ಅದನ್ನು ಜೋಡಿಸಿದಾಗ ಅವರು ಇನ್ನೂ ತೊದಲುತ್ತ ಮಾತಾಡುತ್ತಿದ್ದರು. ಆಮೇಲೆ ನರಗಳು ದಿನದಿನಕ್ಕೆ ಕೂದಲೆಳೆಯಷ್ಟು ಸೋಲುತ್ತ ಹೋದವು, ಡ್ರೈವರ್ ನಿನ್ನೆಯ ಮಾತಿನ ನೆನಪಿನಿಂದ ಇಂದಿನ ಮಾತನ್ನು ಗುರುತಿಸುತ್ತ ಬಂತು. ಹೀಗೆ ನಾಲ್ಕು ವರ್ಷ. ಹಲ್ಲುದುರಿದ ಅತ್ತೆಯ ಮಾತು ಮನೆಯ ಸೊಸೆಗೆ ಮಾತ್ರ ತಿಳಿಯುವ ಹಾಗೆ ಅವರ ನರದ ಸಣ್ಣ ಮಿಡುಕು ಆ ಡ್ರೈವರಿಗೆ ಮಾತ್ರ ತಿಳಿಯುತ್ತಿತ್ತು. ಸ್ಪೀಕರಿನಲ್ಲಿ ಬರುತ್ತಿದ್ದುದು ಅವರದೇ ಹಳೆಯ ಗಡಸು ದನಿ. ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಗದರುತ್ತಿದ್ದರು. ಮೂಗಿನ ನಳಿಗೆಯಲ್ಲಿ ಹೋಗುವ ಚಹಾದ ರುಚಿ ಹೇಗೆ ಗೊತ್ತಾಯಿತು ಎಂದು ಯಾರೂ ಕೇಳುವಂತಿರಲಿಲ್ಲ.

ಹಬ್ಬಕ್ಕೆ ಮುಂಚೆ ಡಾಕ್ಟರು ಬಂದು ನೋಡಿ ಉಸಿರಾಟದ ಸ್ನಾಯುಗಳೂ ಸೋಲುತ್ತಿವೆ ಎಂದಿದ್ದರು. ಗಂಟಲಿಗೆ ತೂತು ಮಾಡಿ ಪೈಪ್ ಕೂರಿಸಿ ಉಸಿರಿನ ಯಂತ್ರ ಹಚ್ಚಿದರೆ ಇನ್ನಷ್ಟು ವರ್ಷ ಬದುಕಬಹುದು. ಬೇಡವೆಂದರೆ ಕೆಲವೇ ವಾರ. ನಿರ್ಧಾರ ರೋಗಿಯದೇ ಆಗಬೇಕು ಎಂದು ಡಾಕ್ಟರು ಮಂಚದ ಬಳಿಯೇ ಕುಳಿತು ಕೇಳಿದರು. ಆ ದಿನ ಡಬ್ಬಿಯನ್ನು ಪರೀಕ್ಷಿಸಲು ಬಂದಿದ್ದ ನಾನೂ ಅಲ್ಲಿದ್ದೆ. ಸ್ಪೀಕರು ಹೇಳಿತು:

“ಹಬ್ಬ ಆಗ್ಲಿ ಡಾಕ್ಟರ. ಹಬ್ಬದ ಮನ್ಯಾಗ ಆ ಮಾತು ಬ್ಯಾಡ. ಆಮ್ಯಾಲ ಹೇಳ್ತೀನಿ.”

ಅದನ್ನು ಹೇಳಬೇಕಾದವರು ಈಗ ಮಾತಾಡುತ್ತಿರಲಿಲ್ಲ. ನಾನು ಚೀಲದಲ್ಲಿ ಒಂದೆರಡು ವೈರು, ಸ್ಪಿರಿಟ್ಟು, ಹತ್ತಿ ತುಂಬಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ.

ವರ್ಕ್‌ಶಾಪಿನ ಹಿಂದಿನ ಓಣಿಯಲ್ಲಿ ಅವರ ಮನೆ. ಶಿವಪುತ್ರಪ್ಪನವರ ದಿಂಬಿನ ಸುತ್ತ ಬನ್ನಿ ಎಲೆಗಳು ಬಿದ್ದಿದ್ದವು. ಹಿಂದಿನ ದಿನ ಓಣಿಯವರೆಲ್ಲ ಬಂದು ‘ಬಂಗಾರದಂಗ ಇರೋಣ್ರಿ’ ಎಂದು ಬನ್ನಿ ಇಟ್ಟು ಹೋಗಿದ್ದರು. ಹೋದ ವರ್ಷ ಪ್ರತಿಯೊಬ್ಬರಿಗೂ ಸ್ಪೀಕರಿನಿಂದ ತಿರುಗಿ ಹಾಗೇ ಅಂದು, ಸಾಲ ತಗೊಂಡು ಹೋದವರಿಗೆ ‘ನೀ ಖರೇನ ಬಂಗಾರ ತಂದು ಕೊಡು’ ಎಂದು ಚೇಷ್ಟೆ ಮಾಡಿದ್ದ ಮನುಷ್ಯ ಈ ಸಲ ಜಂತಿ ನೋಡುತ್ತ ಮಲಗಿದ್ದರು. ಅವರ ಕಣ್ಣಿಗೆ ಗಂಟೆಗೊಮ್ಮೆ ಹನಿ ಔಷಧಿ ಹಾಕಿ ನೀಲವ್ವನೇ ರೆಪ್ಪೆ ಮುಚ್ಚಿಸಬೇಕು, ತೆರೆಸಬೇಕು.

ಕಂಪ್ಯೂಟರಿನ ಮುಂದೆ ನೀಲವ್ವನ ತಮ್ಮ ಸಂಗಮೇಶ ಕೂತಿದ್ದ. ಪೇಟೆಯಲ್ಲಿ ಟೈಪಿಂಗ್ ಕ್ಲಾಸು ನಡೆಸುವವನು, ಅಕ್ಕನ ಮನೆಗೆ ಏನೇ ಬೇಕಾದರೂ ಮೊದಲು ಓಡಿ ಬರುವವನು. ನನ್ನನ್ನು ಕಂಡು ಎದ್ದು ಕುರ್ಚಿ ಬಿಟ್ಟುಕೊಟ್ಟ. ಪರದೆಯ ಮೇಲೆ ಹಳದಿ ತ್ರಿಕೋನ, ಪಕ್ಕದಲ್ಲಿ ‘ಅನ್‌ನೋನ್ ಡಿವೈಸ್’. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದ ಡಬ್ಬಿಯನ್ನು ಕಂಪ್ಯೂಟರು ಯಾರೋ ಗೊತ್ತಿಲ್ಲ ಎನ್ನುತ್ತಿತ್ತು.

ಇಂಥ ತಕರಾರಿಗೆ ಒಂದು ಕ್ರಮ ಇದೆ. ಮೊದಲು ವೈರು ನೋಡು, ಆಮೇಲೆ ಅದನ್ನು ಚುಚ್ಚುವ ತೂತು ನೋಡು, ಆಮೇಲೆ ಕಂಪ್ಯೂಟರು, ಎಲ್ಲಕ್ಕೂ ಕಡೆಗೆ ಡ್ರೈವರು. ನಾನು ಡಬ್ಬಿಯ ಕಡೆಯ ವೈರನ್ನು ಕಿತ್ತೆ. ಅದರ ಲೋಹದ ತುದಿ ಕೆಂಪಗಿತ್ತು. ಒಳಗೆಲ್ಲ ಕುಂಕುಮ, ವಿಭೂತಿ, ಒಣಗಿ ಗಟ್ಟಿಯಾದ ಗಂಧ.

“ಇದೇನ್ರಿ ನೀಲವ್ವಾರ?”

“ನವಮಿ ದಿನ ಖಂಡೇಪೂಜಿ ಮಾಡೇನ್ರಿ, ಆಯುಧದ ಪೂಜಿ,” ಎಂದರು ನೀಲವ್ವ. “ಪ್ರತಿ ವರ್ಷ ಡಬ್ಬಿ ಮ್ಯಾಲ ಹೂ ಇಡತಿದ್ದೆ, ಅಷ್ಟ. ಈ ವರ್ಷ ಡಾಕ್ಟರು ಹಂಗಂದು ಹೋದ್ರಲ್ರೀ, ಜೀವ ತಡೀಲಿಲ್ಲ. ಸರೀತ್ನಾಗಿ ಮಾಡೋಣು ಅಂತ ಎಲ್ಲಾ ಬಿಚ್ಚಿ, ಒರಸಿ, ಪೂಜಿ ಮಾಡಿದೆ. ಪೂಜಿ ಹಿಡಿಕೀಗೆ ಮಾಡಬಾರ್ದು, ಹತ್ಯಾರದ ಬಾಯಿಗೆ ಮಾಡಬೇಕು ಅಂತ ಇವರ ಹೇಳತಿದ್ರು. ಕುಡುಗೋಲಿಗೆ ಹಲ್ಲಿಗೆ ಹಚ್ಚಬೇಕು, ಉಳಿಗೆ ಮಸದ ತುದೀಗೆ ಹಚ್ಚಬೇಕು. ವರ್ಕ್‌ಶಾಪಿನ್ಯಾಗ ಇವರ ಮುಂದ ನಿಂತು ಹಂಗ ಮಾಡಸತಿದ್ರು. ಇದರ ಬಾಯಿ ಇದ ಅಲ್ಲೇನ್ರಿ ಮತ್ತ?”

ಅದರ ಬಾಯಿ ಅದೇ ಆಗಿತ್ತು. ವೈರು ಬದಲಿಸಿ, ಡಬ್ಬಿಯ ತೂತಿಗೆ ಸ್ಪಿರಿಟ್ಟು ಬಿಟ್ಟು, ಸೂಜಿಯಿಂದ ಕುಂಕುಮವನ್ನು ಕೆದರಿ ತೆಗೆದೆ. ಹತ್ತಿಯುಂಡೆ ಮೇಲಿಂದ ಮೇಲೆ ಕೆಂಪಾಯಿತು. ಕೊನೆಗೊಮ್ಮೆ ಬಿಳಿಯಾಗಿಯೇ ಬಂತು. ವೈರು ಚುಚ್ಚಿದೆ. ಕಂಪ್ಯೂಟರು ಟಿಣ್ ಎಂದಿತು. ಹಳದಿ ತ್ರಿಕೋನ ಹೋಯಿತು.

“ಬಂತು ಬಂತು!” ಎಂದು ಸಂಗಮೇಶ ಕೈ ತಟ್ಟಿದ. ನೀಲವ್ವ ದೇವರಿಗೆ ಗಲ್ಲ ಬಡಿದುಕೊಂಡು ಗಂಡನ ಹತ್ತಿರ ಓಡಿದರು.

ಪರದೆಯ ಮೇಲೆ ಹೊಸ ಕಿಟಕಿ ತೆರೆದುಕೊಂಡಿತು. ‘ಸ್ವಾಗತ. ಹೊಸ ಬಳಕೆದಾರರ ಕಲಿಕೆ ಆರಂಭವಾಗುತ್ತಿದೆ. ಕೆಳಗಿನ ವಾಕ್ಯವನ್ನು ಓದಿ.’

ಹೊಸ ಬಳಕೆದಾರ ಯಾರು? ಡ್ರೈವರಿನ ನೆನಪಿರುವ ಜಾಗ ಹುಡುಕಿದೆ. ಬರಿದಾಗಿತ್ತು.

“ಸಂಗಮೇಶ, ಡ್ರೈವರಿಗೆ ಏನ್ ಮಾಡೀಯಪ್ಪ?”

“ಏನಿಲ್ರಿ ಮೇಡಂ. ಪೂಜಿ ಆದಮ್ಯಾಲ ಡಿವೈಸ್ ಹಿಡೀವಲ್ದಾತು. ನೆಟ್‌ನಾಗ ನೋಡಿದೆ. ಡಿವೈಸ್ ಅನ್‌ಇನ್‌ಸ್ಟಾಲ್ ಮಾಡ್ರಿ, ಡ್ರೈವರ್ ಡಿಲೀಟ್ ಅನ್ನೂ ಕಡೆ ಟಿಕ್ ಮಾಡ್ರಿ, ರೀಸ್ಟಾರ್ಟ್ ಮಾಡ್ರಿ, ತಾನ ಹೊಸಾದು ಬರ್ತದ ಅಂತ ಇತ್ತು. ನಮ್ಮ ಕ್ಲಾಸಿನ ಪ್ರಿಂಟರಿಗೆ ಯಾವಾಗ್ಲೂ ಹಂಗ ಮಾಡ್ತೀನ್ರಿ. ಹಂಗ ಮಾಡಿದೆ.”

ಪ್ರಿಂಟರಿಗೆ ಆ ಸಲಹೆ ಸರಿಯಾದದ್ದೇ. ಹೊಸದು ತಾನಾಗಿಯೇ ಬಂದೂ ಇತ್ತು, ಏನೇನೂ ಅರಿಯದ ಹಸುಗೂಸಾಗಿ. ನಾಲ್ಕು ವರ್ಷ ಶಿವಪುತ್ರಪ್ಪನವರ ಜೊತೆ ಬದುಕಿದ್ದ ದುಭಾಷಿ ಒಂದು ಟಿಕ್ಕಿಗೆ ಸತ್ತುಹೋಗಿದ್ದ.

ಆದರೂ ಪ್ರಯತ್ನ ಮಾಡಬೇಕಲ್ಲ. ಪರದೆಯ ಮೊದಲ ವಾಕ್ಯವನ್ನು ಅವರ ಕಿವಿಯ ಹತ್ತಿರ ಓದಿ ಹೇಳಿದೆ. “ಸಾಹೇಬ್ರ, ಇದನ್ನ ಮನಸ್ನಾಗ ಗಟ್ಟಿಯಾಗಿ ಅನ್ರಿ. ‘ನನ್ನ ಮನೆಯ ಮುಂದೆ ಬೇವಿನ ಮರವಿದೆ.’” ಪರದೆಯ ಹಸಿರು ಗೆರೆ ಚಪ್ಪಟೆಯಾಗಿಯೇ ಹರಿಯಿತು. ಎಲ್ಲೋ ಒಂದು ಕಡೆ ಇರುವೆಯಷ್ಟು ಎದ್ದು ಮಲಗಿತು. ಅವರು ಖಂಡಿತ ಅನ್ನುತ್ತಿದ್ದರು, ಹಣೆಯ ಮೇಲೆ ಬೆವರು ಮೂಡಿತ್ತು. ಯಂತ್ರದ ಹೆಣ್ಣುದನಿ ಬಹಳ ವಿನಯದಿಂದ ಹೇಳಿತು:

“ದಯವಿಟ್ಟು ಸ್ವಲ್ಪ ಗಟ್ಟಿಯಾಗಿ ಮಾತನಾಡಿ.”

ನಾನು ಮತ್ತೆ ಹೇಳಿದೆ. ಅವರು ಮತ್ತೆ ಅಂದರು. ಅದು ಮತ್ತೆ ಹಾಗೇ ಹೇಳಿತು. ಆ ದನಿಯನ್ನು ಇಟ್ಟಿದ್ದು ನಮ್ಮ ಪ್ರಯೋಗಾಲಯವೇ. ಅವತ್ತು ಅದರ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಶಿವಪುತ್ರಪ್ಪನವರ ಎಡಗಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ನಾನು ಕಿಟಕಿ ಮುಚ್ಚಿದೆ.

ನೀಲವ್ವ ಸೆರಗಿನಿಂದ ಆ ನೀರು ಒರೆಸಿ ನನ್ನ ಕಡೆ ತಿರುಗಿದರು. “ಅಂದ್ರ ನಾ ಹಚ್ಚಿದ ಕುಂಕುಮದಿಂದ ಇವರ ಮಾತು ಹೋತೇನ್ರಿ?”

ಹೌದೆಂದರೆ ಆ ಹೆಂಗಸು ಬದುಕಿರುವ ತನಕ ಕುಂಕುಮ ಮುಟ್ಟುವುದಿಲ್ಲ. ಅಲ್ಲವೆಂದರೆ ಬಾಗಿಲ ಬಳಿ ನಿಂತ ತಮ್ಮನ ಹೆಸರು ಹೇಳಿದಂತೆ. ಅಷ್ಟರಲ್ಲಿ ಸಂಗಮೇಶನೇ ನೆಲಕ್ಕೆ ಕುಸಿದು ಕೂತ.

“ನಿಂದಲ್ಲ ಅಕ್ಕಾ. ಕುಂಕುಮ ಒರಸಿದ್ರ ಹೋಗತಿತ್ತು. ಅಳಿಸಿದಾಂವ ನಾನು. ಮಾವನ ಮಾತು ನಾನ ಅಳಿಸೀನಿ.”

ನೀಲವ್ವ ಅವನನ್ನು ಬೈಯಲಿಲ್ಲ. ಸುಮ್ಮನೆ ಅವನ ತಲೆಯ ಮೇಲೆ ಕೈಯಿಟ್ಟು ನಿಂತುಕೊಂಡರು. ಆಮೇಲೆ ನನಗೆ ಹೇಳಿದರು, “ಡಾಕ್ಟರು ಶುಕ್ರವಾರ ಬರ್ತಾರ ಬಾಯಾರ. ಇವರೊಂದು ಮಾತು ಹೇಳಬೇಕಾಗೇದ. ಹೂಂ ಅನ್ಲಿ, ಬ್ಯಾಡ ಅನ್ಲಿ. ಒಂದ ಮಾತು. ಅಷ್ಟು ಮಾಡಿಕೊಡ್ರಿ.”

ಕಂಪ್ಯೂಟರನ್ನು ಧಾರವಾಡಕ್ಕೆ ಹೊತ್ತು ತಂದೆ. ಅಳಿಸಿದ್ದನ್ನು ಡಿಸ್ಕಿನಿಂದ ಹೆಕ್ಕಲು ನೋಡಿದೆ. ಹಳೆಯ ಕಾಲದ ಡಿಸ್ಕುಗಳಲ್ಲಿ ಅಳಿಸಿದ್ದು ಸ್ವಲ್ಪ ದಿನ ಉಳಿದಿರುತ್ತಿತ್ತು. ಈಗಿನವು ಶುಚಿಯ ಹುಚ್ಚಿನವು, ಅಳಿಸೆಂದ ಕೂಡಲೇ ತೊಳೆದುಬಿಡುತ್ತವೆ. ಬೇರೆ ಪ್ರತಿ? ರೋಗಿಯ ಮಾತು ರೋಗಿಯ ಸ್ವತ್ತು, ಅದು ಅವನ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಇರಬೇಕೆಂಬುದು ನಿಯಮ. ನಿಯಮ ಒಳ್ಳೆಯದೇ. ಗಂಡ ಹೆಂಡಿರ ನಡುವಿನ ಮಾತನ್ನು ಊರ ಮುಂದೆ ಇಡಬಾರದಲ್ಲವೇ? ನಮ್ಮಲ್ಲಿ ಉಳಿದಿದ್ದು ಮೊದಲ ವರ್ಷ ಅವರ ಒಪ್ಪಿಗೆ ಪಡೆದು ಸಂಶೋಧನೆಗೆಂದು ತೆಗೆದ ಒಂದೇ ಪ್ರತಿ. ಅಂದರೆ ಮೂರು ವರ್ಷ ಹಿಂದಿನ, ಎಳೆಯ ದುಭಾಷಿ.

ಅದನ್ನೇ ಹಾಕಿದೆ. ಹುಬ್ಬಳ್ಳಿಯ ಮನೆಯಲ್ಲಿ ಹಿಡಿದು ತಂದಿದ್ದ ಆ ಇರುವೆಯಷ್ಟು ಸಂಕೇತವನ್ನು ಹಿಗ್ಗಿಸಿ ಅದಕ್ಕೆ ಕೊಟ್ಟೆ. ಬೇವಿನ ಮರದ ವಾಕ್ಯ ಬರಬೇಕಿತ್ತು. ಸ್ಪೀಕರಿನಿಂದ ಗಡಸು ದನಿ ಬಂತು:

“ಇಲ್ಲೆ ಬಾ.”

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇನ್ನೊಂದು ಸಂಕೇತ ಕೊಟ್ಟೆ. “ಇಲ್ಲೆ ಬಾ.” ಮತ್ತೊಂದು ಕೊಟ್ಟೆ. “ಇಲ್ಲೆ ಬಾ.”

ನಮ್ಮ ಮುಖ್ಯಸ್ಥರಾದ ಡಾಕ್ಟರ್ ಜಂಬಗಿ ಬಂದು ಹಿಂದೆ ನಿಂತು ಕೇಳಿಸಿಕೊಂಡರು. ಅವರಿಗೆ ತಕ್ಷಣ ತಿಳಿಯಿತು. ಸಂಕೇತ ಸ್ಪಷ್ಟವಿಲ್ಲದಾಗ ಈ ಡ್ರೈವರ್ ಊಹೆ ಮಾಡುತ್ತದೆ, ಊಹೆ ಮಾಡುವಾಗ ತಾನು ಅತಿ ಹೆಚ್ಚು ಸಲ ಕೇಳಿದ ಮಾತನ್ನೇ ಆರಿಸುತ್ತದೆ. ಆ ಮೊದಲ ವರ್ಷ ಅವರು ಅತಿ ಹೆಚ್ಚು ಸಲ ಆಡಿದ ಮಾತು ಇದೇ ಇರಬೇಕು. ಹಳೆಯ ಕಾಲದ ಗಂಡ, ಹೆಂಡತಿಯ ಹೆಸರು ಹಿಡಿದು ಕರೆಯುವವರಲ್ಲ. ನೀರು ಬೇಕಾದರೂ, ಮಗ್ಗುಲು ಬದಲಿಸಬೇಕಾದರೂ, ಸುಮ್ಮನೆ ಬೇಸರವಾದರೂ ಮೊದಲು ‘ಇಲ್ಲೆ ಬಾ’.

“ಇದು ಅವರ ಮಾತಲ್ರಿ ಹಂಚಿನಾಳ,” ಎಂದು ಜಂಬಗಿ ನನ್ನ ಅಡ್ಡಹೆಸರು ಹಿಡಿದು ಹೇಳಿದರು. “ಯಂತ್ರದ ಊಹಿ. ಅವರು ಬೇವಿನ ಗಿಡ ಅಂದ್ರೂ ಇದನ್ನ ಅಂತದ, ಸಾಯ್ತೀನಿ ಅಂದ್ರೂ ಇದನ್ನ ಅಂತದ. ಇದನ್ನ ಆ ಮನಿಗೆ ಒಯ್ಯಬ್ಯಾಡ್ರಿ.”

“ಮತ್ತೇನ್ ಒಯ್ಯಲಿ ಸರ್? ಬರೇ ಕೈಲೆ ಹೋಗ್ಲೇನು?”

“ಇದಕ್ಕಿಂತ ಬರೇ ಕೈಲೆ ಹೋಗೂದು ಛಲೋ.”

ಅವರು ಹೇಳಿದ್ದು ಸರಿ. ಆದರೂ ನೀಲವ್ವನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇದು ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಅವರು ಏನೇ ಅಂದರೂ ಒಂದೇ ಮಾತು ಬರುತ್ತದೆ, ನಂಬಬೇಡಿ ಎಂದೆ.

“ದನಿ ಅವರದ ಅದಲ್ರೀ?” ಎಂದು ಕೇಳಿದರು ನೀಲವ್ವ.

“ಅವರದ ಅದ.”

“ಹಂಗಾರ ತಗೊಂಡು ಬರ್ರಿ.”

ಗುರುವಾರ ಮಧ್ಯಾಹ್ನ ಹೋದೆ. ಶಿವಪುತ್ರಪ್ಪನವರ ಉಸಿರು ಆ ಮೂರು ನಾಲ್ಕು ದಿನಗಳಲ್ಲೇ ಇನ್ನಷ್ಟು ಮೇಲ್ಮೇಲೆ ಆಗಿತ್ತು. ಪಕ್ಕೆಲುಬಿನ ನಡುವೆ ಚರ್ಮ ಒಳಗೆಳೆದುಕೊಂಡು ಮತ್ತೆ ಬಿಡುತ್ತಿತ್ತು. ಸಂಗಮೇಶ ನನ್ನ ಕೈಯಿಂದ ಕಂಪ್ಯೂಟರು ಇಸಿದುಕೊಂಡು ಮೇಜಿನ ಮೇಲಿಟ್ಟ, ಆದರೆ ಒಂದು ವೈರನ್ನೂ ಮುಟ್ಟಲಿಲ್ಲ. ನಾನು ಜೋಡಿಸುವಾಗ ನೀಲವ್ವ ಅಡುಗೆಮನೆಯಲ್ಲಿ ಗಂಜಿ ಸೋಸುತ್ತಿದ್ದರು.

ವೈರು ಚುಚ್ಚಿದೆ. ಟಿಣ್ ಎಂದಿತು. ಹಸಿರು ಗೆರೆ ಹರಿಯಿತು, ಒಮ್ಮೆ ಸಣ್ಣಗೆ ಎದ್ದಿತು.

“ಇಲ್ಲೆ ಬಾ.”

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ನೀಲವ್ವ ಗಂಜಿಯ ಕೈಯಲ್ಲೇ ಓಡಿ ಬಂದರು. ನಾನು ಹೇಳಿದ್ದೆಲ್ಲ ಅವರ ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಮಂಚದ ಹತ್ತಿರ ಬಂದು ನಿಂತ ಮೇಲೆಯೇ ಅವರಿಗೆ ನೆನಪಾಯಿತು. ಕೈ ಒರೆಸಿಕೊಂಡು ಮಂಚದ ಅಂಚಿನಲ್ಲಿ ಕೂತರು.

ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು. ಹೋಗಲಾಗಲಿಲ್ಲ. ಮಾತಿದ್ದಾಗಿನ ಲೆಕ್ಕ ಬೇರೆ ಇತ್ತು. ಪೈಪು ಹಾಕಿಸಿಕೊಂಡರೂ ಚಹಾಕ್ಕೆ ಸಕ್ಕರೆ ಕೇಳಬಹುದು, ಬಂದವರನ್ನು ಕೆಣಕಬಹುದು, ಹೆಂಡತಿಯನ್ನು ಬೈಯಬಹುದು ಎಂದು ಅವರು ಯೋಚಿಸಿದ್ದಿರಬಹುದು. ಈಗ ಪೈಪು ಹಾಕಿಸಿದರೆ ಇನ್ನೆಷ್ಟು ವರ್ಷ ಒಳಗೊಳಗೇ ಎಲ್ಲ ತಿಳಿಯುತ್ತ, ಒಂದನ್ನೂ ಹೇಳಲಾರದೆ ಈ ಜಂತಿ ನೋಡಿಕೊಂಡು ಮಲಗಿರಬೇಕು. ಹಾಕಿಸದಿದ್ದರೆ ಅವರನ್ನು ಕೊಂದದ್ದು ತಾನೇ ಎಂದು ನೀಲವ್ವ ತಿಳಿಯುತ್ತಾರೆ. ಎರಡರಲ್ಲಿ ಯಾವುದನ್ನು ಆರಿಸಬೇಕೋ ಅದನ್ನು ಹೇಳಬೇಕಾದವರು ಎದುರಿಗೇ ಇದ್ದರು, ಮತ್ತು ಬಹುಶಃ ಹೇಳುತ್ತಲೂ ಇದ್ದರು.

ನೀಲವ್ವ ಗಂಡನ ಮುಖದ ಹತ್ತಿರ ಬಗ್ಗಿದರು. “ಕೇಳಸ್ತದೇನ್ರಿ? ಡಾಕ್ಟರು ನಾಳೆ ಬರ್ತಾರ. ಗಂಟಲಿಗೆ ಪೈಪ್ ಹಾಕಸೂದೇನ್ರಿ?”

ಗೆರೆ ಎದ್ದಿತು. “ಇಲ್ಲೆ ಬಾ.”

“ಬ್ಯಾಡೇನ್ರಿ? ಸಾಕಾಗೇದೇನು?”

“ಇಲ್ಲೆ ಬಾ.”

ಎರಡೂ ಸಲ ಗೆರೆ ಎದ್ದ ಬಗೆಯಲ್ಲಿ ಏನಾದರೂ ವ್ಯತ್ಯಾಸವಿದೆಯೇ ಎಂದು ನಾನು ಕಣ್ಣು ಕೀಲಿಸಿ ನೋಡಿದೆ. ಇದ್ದಿರಬಹುದು. ನಾಲ್ಕು ವರ್ಷ ಜೊತೆಗಿದ್ದ ಆ ದುಭಾಷಿಗೆ ಅದು ಗೊತ್ತಾಗುತ್ತಿತ್ತು. ನನಗೆ ಗೊತ್ತಾಗಲಿಲ್ಲ. ಉಸಿರೆಳೆತಕ್ಕೂ ಗೆರೆ ತಾನಾಗಿ ಏಳುತ್ತಿದ್ದುದರಿಂದ ಎದ್ದರೆ ಹೂಂ, ಏಳದಿದ್ದರೆ ಬೇಡ ಎಂದು ಹಿಡಿಯುವಂತೆಯೂ ಇರಲಿಲ್ಲ.

ನೀಲವ್ವ ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ಗೊತ್ತದ ಬಾಯಾರ,” ಎಂದರು. “ನೀವು ಮೊದಲ ಹೇಳೀರಿ.”

ಸಂಗಮೇಶ ಬಾಗಿಲಿಗೆ ಮುಖ ಒತ್ತಿಕೊಂಡು ಅಳುತ್ತಿದ್ದ. ನಾನು ವೈರು ಕೀಳಲೆಂದು ಕೈ ಚಾಚಿದೆ. ನೀಲವ್ವ ಬೇಡವೆಂದು ಸನ್ನೆ ಮಾಡಿ ಮಂಚದ ಮೇಲೆ ಹತ್ತಿದರು. ಗಂಡನ ತಲೆಯನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಬಗ್ಗಿ ಅವರ ಕೆನ್ನೆಗೆ ತಮ್ಮ ಕೆನ್ನೆ ಹಚ್ಚಿದರು. ಇಬ್ಬರ ನಡುವೆ ಒಂದು ಬನ್ನಿ ಎಲೆ ಹಿಡಿಸುವಷ್ಟೂ ಜಾಗ ಇರಲಿಲ್ಲ.

ಪರದೆಯ ಮೇಲೆ ಹಸಿರು ಗೆರೆ ಅಲ್ಲಿಯ ತನಕ ಎದ್ದಿದ್ದಕ್ಕಿಂತ ಎತ್ತರ ಎದ್ದಿತು. ಗಟ್ಟಿಮುಟ್ಟಾಗಿದ್ದ ಕಾಲದ, ಸ್ವಲ್ಪ ಅವಸರದ ಆ ದನಿ ಸ್ಪೀಕರಿನಿಂದ ಮತ್ತೆ ಕರೆಯಿತು.

“ಇಲ್ಲೆ ಬಾ.”

“ಬಂದೀನ್ರಿ,” ಎಂದರು ನೀಲವ್ವ. “ಇನ್ನೆಲ್ಲಿಗೆ ಬರ್ಲಿ?”